ಬಿಟ್ಟು ಮತ್ತೆ ಹಿಡಿಯುವ ದಿನ

ಕೇಳುಗರಿಗೆ ನಮಸ್ಕಾರ.

ಪುನರ್ವಸು ಮಳೆ ಹಿಡಿದು ಕೂತಿದೆ. ಶಿವಮೊಗ್ಗದಲ್ಲಿ ಎದುರು ಸಿಕ್ಕವರೆಲ್ಲ ಕೇಳುವುದು ಒಂದೇ, ತುಂಗೆಯ ಮಂಟಪ ಮುಳುಗಿತಾ ಅಂತ. ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಶೂ ಒಳಗೆ ಬೂಷ್ಟು. ಇಂಥ ದಿನಗಳಲ್ಲಿ ಕಂಬಳಿ ಕಿತ್ತೊಗೆದು ಜಿಮ್‌ಗೆ ಹೋಗಿ ಭಾರ ಎತ್ತುವುದರ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ನಾನು ಜಾಸ್ತಿ ಮಾತಾಡುವುದು ಎತ್ತುವುದನ್ನು ಬಿಟ್ಟವರ ಬಗ್ಗೆ. ಯಾಕೆಂದರೆ ನಾನೂ ಬಿಟ್ಟವಳೇ. ಎರಡು ಸಲ. ಮೂರನೆಯದು ಈಗ ನಡೆಯುತ್ತಿದೆ, ಅದನ್ನು ಕೊನೆಗೆ ಹೇಳುತ್ತೇನೆ.

ನನಗೆ 51 ವರ್ಷ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಹುಟ್ಟಿದ್ದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಲ್ಲಿ. ನಾಲ್ಕು ವರ್ಷದ ಹಿಂದೆ ಶಾಲೆಯ ಮೆಟ್ಟಿಲು ಹತ್ತುವಾಗ ಮಂಡಿ ನೋಯುವುದಕ್ಕೆ ಶುರುವಾಯಿತು. ಡಾಕ್ಟರು ಮಂಡಿ ಮುಟ್ಟಿ ನೋಡಿ, ತೊಡೆಯನ್ನೂ ಮುಟ್ಟಿ ನೋಡಿ, 'ಮೇಡಂ, ಮಂಡಿ ಪರವಾಗಿಲ್ಲ. ಅದನ್ನು ಹಿಡಿದುಕೊಳ್ಳುವ ತೊಡೆಯಲ್ಲೇ ಶಕ್ತಿ ಇಲ್ಲ' ಅಂದರು. ವಾಕಿಂಗ್ ಮಾಡುತ್ತೇನಲ್ಲ ಅಂದೆ. ವಾಕಿಂಗ್ ಎದೆಗೆ ಒಳ್ಳೆಯದು, ಸ್ನಾಯುವಿಗೆ ಭಾರ ಬೇಕು ಅಂದರು. ಆಮೇಲೆ ಓದಿ ತಿಳಿದೆ, ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಹೇಳುತ್ತದೆ. ದೊಡ್ಡವರೆಲ್ಲ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುವಿಗೆ ಶಕ್ತಿ ಕೊಡುವ ವ್ಯಾಯಾಮ ಮಾಡಬೇಕಂತೆ. ಎರಡೇ ದಿನ. ಇದು ಕೇಳಿ ನನಗೆ ಧೈರ್ಯ ಬಂತು.

ವಿನೋಬನಗರದಲ್ಲಿ ಒಂದು ಅಂಗಡಿಯ ಮೇಲಿನ ಜಿಮ್‌ಗೆ ಸೇರಿದೆ. ನಮ್ಮಮ್ಮ ಫೋನಿನಲ್ಲಿ, 'ಈ ವಯಸ್ಸಲ್ಲಿ ನಿಂದೆಂಥ ಮಾರಾಯ್ತಿ' ಅಂದಳು. ಹೇಳಿಕೊಡುವ ಹುಡುಗ ಮೊದಲ ವಾರ ಆಂಟಿ ಅಂದ. ಎರಡನೇ ವಾರ ನಾನು ಅವನ ತಂಗಿಯ ಟೀಚರ್ ಅಂತ ಗೊತ್ತಾಯಿತು, ಮೇಡಂ ಆದೆ.

ಶುರುವಿನ ದಿನಗಳು ಸುಖದ ದಿನಗಳು. ವಾರವಾರಕ್ಕೂ ತೂಕ ಏರುತ್ತದೆ. ನಿಜ ಹೇಳಬೇಕೆಂದರೆ ಆ ಮೊದಲ ವಾರಗಳಲ್ಲಿ ಸ್ನಾಯು ಅಷ್ಟೇನೂ ದಪ್ಪ ಆಗಿರುವುದಿಲ್ಲ. ಇದ್ದ ಸ್ನಾಯುವನ್ನೇ ಚೆನ್ನಾಗಿ ದುಡಿಸುವುದನ್ನು ನರಗಳು ಕಲಿಯುತ್ತಿರುತ್ತವೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಇದೆಯಲ್ಲ, ಅದು ಗಟ್ಟಿಯಾಗುವುದು ಇನ್ನೂ ನಿಧಾನ. ಅಂದರೆ ನಮ್ಮ ಕೈಲಾಗುವುದಕ್ಕೂ ನಮ್ಮ ಮೈ ತಡೆಯುವುದಕ್ಕೂ ನಡುವೆ ಒಂದಿಷ್ಟು ಅಂತರ ಇರುತ್ತದೆ. ಆ ಅಂತರದಲ್ಲೇ ನಾನು ಬಿದ್ದದ್ದು.

ಏಳು ತಿಂಗಳಿಗೆ ಡೆಡ್‌ಲಿಫ್ಟ್ 50 ಕೆ.ಜಿ. ಮುಟ್ಟಿದ್ದೆ. ನೆಲದ ಮೇಲಿರುವ ಬಾರನ್ನು, ಅಂದರೆ ಪ್ಲೇಟು ಸಿಕ್ಕಿಸುವ ಕಬ್ಬಿಣದ ಸರಳನ್ನು, ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಎದ್ದು ನಿಲ್ಲುವುದು, ಅಷ್ಟೇ ಅದು. ಆಮೇಲೆ ಅಡಿಕೆ ಕೊಯ್ಲು ಬಂತು, ತವರಿಗೆ ಹೋದೆ. ಅಲ್ಲಿಂದ ಬರುವಷ್ಟರಲ್ಲಿ ಅಣ್ಣನ ಮಗಳ ಮದುವೆ. ಒಟ್ಟು ಆರು ವಾರ ಜಿಮ್ ಕಡೆ ತಲೆ ಹಾಕಲಿಲ್ಲ. ಸೋಮವಾರ ಮತ್ತೆ ಹೋದೆ. ಪಕ್ಕದಲ್ಲಿ ಒಬ್ಬಳು ಹೊಸ ಹುಡುಗಿ 40 ಎತ್ತುತ್ತಿದ್ದಳು. ಹೇಳಿಕೊಡುವ ಹುಡುಗ, 'ಮೇಡಂ 50 ಎತ್ತುತ್ತಾರೆ ಗೊತ್ತಾ' ಅಂತ ಅವಳಿಗೆ ಹೇಳಿಬಿಟ್ಟ. ಮುಗಿಯಿತಲ್ಲ. ಬಾರಿಗೆ ನಾನೇ ಪ್ಲೇಟು ಹಾಕಿಕೊಂಡೆ. ಮೂರು ಸಲ ಎದ್ದಿತು. ನಾಲ್ಕನೆಯದರಲ್ಲಿ ಬಾರ್ ಕಾಲಿನಿಂದ ನಾಲ್ಕು ಬೆರಳು ಮುಂದೆ ಹೋಯಿತು, ಬೆನ್ನು ಗೂನಾಯಿತು. ಸೊಂಟದ ಎಡಕ್ಕೆ ಚಳಕ್ ಅಂತು. ನಾನು ಬಾರ್ ಬಿಟ್ಟು, ಏನೂ ಆಗದವಳ ಹಾಗೆ ನಗುತ್ತಾ ಹೋಗಿ ಬೆಂಚಿನ ಮೇಲೆ ಕೂತೆ. ಏಳುವುದಕ್ಕೆ ಆಗಲಿಲ್ಲ. ಸ್ಕೂಟಿ ಅಲ್ಲೇ ಬಿಟ್ಟು ಆಟೋದಲ್ಲಿ ಮನೆಗೆ ಬಂದೆ.

ಬೆನ್ನು ಹಿಡಿದುಕೊಂಡರೆ ನಮ್ಮ ಕಡೆ ಏನು ಮಾಡುತ್ತಾರೆ ಅಂತ ನಿಮಗೆ ಗೊತ್ತು. ಕಾಲು ಮುಂದಾಗಿ ಹುಟ್ಟಿದವರ ಕೈಲಿ ಒದೆಸಿಕೋ ಅಂದಳು ಅಮ್ಮ. ಅಂಥವರ ಹೆಸರನ್ನೂ ಹೇಳಿದಳು. ನಾನು ಡಾಕ್ಟರ ಹತ್ತಿರ ಹೋದೆ. ಅವರು ಕಾಲು ಎತ್ತಿಸಿ, ಹೆಬ್ಬೆರಳು ಒತ್ತಿಸಿ ನೋಡಿದರು. ನೋವು ಕಾಲಿಗೆ ಇಳಿದು ಕಾಲು ಸೋಲುತ್ತಿದೆಯಾ, ಜೋಮು ಹಿಡಿಯುತ್ತಿದೆಯಾ, ಮೂತ್ರ ಕಟ್ಟುತ್ತಿದೆಯಾ ಅಂತ ಕೇಳಿದರು. ಇದರಲ್ಲಿ ಯಾವುದು ಇದ್ದರೂ ಮನೆಯಲ್ಲಿ ಕೂರಬಾರದು, ಅದೇ ದಿನ ಆಸ್ಪತ್ರೆಗೆ ಬರಬೇಕು ಅಂದರು. ನನಗೆ ಯಾವುದೂ ಇರಲಿಲ್ಲ. 'ಹಾಗಾದರೆ ಮಲಗಬೇಡಿ, ಆದಷ್ಟು ಓಡಾಡಿ' ಅಂದರು. ಮೊದಲೆಲ್ಲ ಬೆನ್ನು ನೋವಿಗೆ ವಾರಗಟ್ಟಲೆ ಮಲಗಿಸುತ್ತಿದ್ದರು. ಈಗ ಹಾಗಿಲ್ಲ, ಮಲಗಿದಷ್ಟೂ ಗುಣವಾಗುವುದು ತಡ. ಎರಡು ವಾರಕ್ಕೆ ನೋವು ಹೋಯಿತು.

ಆದರೆ ನಾನು ಜಿಮ್‌ಗೆ ಹೋದದ್ದು ನಾಲ್ಕು ತಿಂಗಳ ಮೇಲೆ. ಬೆನ್ನು ಎರಡೇ ವಾರ ತಗೊಂಡಿತ್ತು, ಮಿಕ್ಕಿದ್ದೆಲ್ಲ ನಾಚಿಕೆಯ ಲೆಕ್ಕ. ಮತ್ತೆ ಖಾಲಿ ಬಾರಿನಿಂದ ಶುರು ಮಾಡಬೇಕಲ್ಲ, ಅವರೆಲ್ಲ ನೋಡುತ್ತಾರಲ್ಲ ಅಂತ. ಜನ ವ್ಯಾಯಾಮ ಬಿಡುವುದು ಸೋಮಾರಿತನಕ್ಕೆ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮಳೆ, ಕೊಯ್ಲು, ಮದುವೆ, ಜ್ವರ, ಪರೀಕ್ಷೆ, ಹೀಗೆ ಯಾವುದಾದರೂ ಒಂದು ಬಂದು ಬಿಡಿಸಿಯೇ ಬಿಡಿಸುತ್ತದೆ. ಕಷ್ಟ ಇರುವುದು ಮತ್ತೆ ಹೋಗುವ ದಿನ. ಪೆಟ್ಟಾಗುವುದೂ ಅವತ್ತೇ ಜಾಸ್ತಿ. ಹಳೆಯ ತೂಕ ತಲೆಯಲ್ಲಿ ಕೂತಿರುತ್ತದೆ, ಮೈ ಅದನ್ನು ಮರೆತಿರುತ್ತದೆ.

ಇದು ನಮ್ಮೂರಿನ ಕೊನೆಗಾರನಿಗೆ, ಅಂದರೆ ಅಡಿಕೆ ಮರ ಹತ್ತಿ ಗೊನೆ ಇಳಿಸುವವನಿಗೆ, ಗೊತ್ತಿತ್ತು. ನಾನು ಚಿಕ್ಕವಳಿದ್ದಾಗಿನ ಮಾತು. ಕೊಯ್ಲು ಮುಗಿದ ಮೇಲೆ ಅವನಿಗೆ ಮರ ಹತ್ತುವ ಕೆಲಸ ಇರುತ್ತಿರಲಿಲ್ಲ. ಮಳೆಗಾಲ ಶುರುವಾದರೆ ಕೊಳೆರೋಗಕ್ಕೆ ಔಷಧಿ ಹೊಡೆಯಲು ಮತ್ತೆ ಬರುತ್ತಿದ್ದ. ಮೊದಲ ದಿನ ನಾಲ್ಕೈದು ಮರ ಹತ್ತಿ, ಕಾಲಿನ ಬಳ್ಳಿ ಬಿಚ್ಚಿ, ಅಂಗಳಕ್ಕೆ ಬಂದು ಕವಳ ಹಾಕಿಕೊಂಡು ಕೂತುಬಿಡುತ್ತಿದ್ದ. ಅಪ್ಪನಿಗೆ ಉರಿಯುತ್ತಿತ್ತು, ಮಳೆ ಬಿಟ್ಟ ಒಂದೇ ದಿನ ಅದು. 'ಮೈ ಒಗ್ಗಬೇಕು ಗೌಡ್ರೇ' ಅನ್ನುತ್ತಿದ್ದ, ಎದ್ದು ಹೋಗುತ್ತಿದ್ದ. ನಾಲ್ಕನೇ ದಿನಕ್ಕೆ ಅವನು ಮರದಿಂದ ಮರಕ್ಕೆ ದಾಟುವುದನ್ನು ನಾವು ಕೆಳಗೆ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು.

ದೊಡ್ಡ ಸ್ಪರ್ಧೆಯಲ್ಲೂ ಹೀಗೇ. ಘಟ್ಟದ ಕೆಳಗೆ ನಮ್ಮ ಕುಂದಾಪುರ ಕಡೆಯವರು ಗುರುರಾಜ ಪೂಜಾರಿ. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದ ವೇಟ್‌ಲಿಫ್ಟಿಂಗ್‌ನಲ್ಲಿ, 56 ಕೆ.ಜಿ. ಮೈತೂಕದವರ ವಿಭಾಗದಲ್ಲಿ ಬೆಳ್ಳಿ ತಂದವರು. ಒಂದೇ ಸಲಕ್ಕೆ ತಲೆಯ ಮೇಲಕ್ಕೆ ಎತ್ತುವ ಸ್ನ್ಯಾಚ್‌ನಲ್ಲಿ 111, ಮೊದಲು ಭುಜಕ್ಕೆ ತಂದು ಆಮೇಲೆ ಮೇಲಕ್ಕೆತ್ತುವ ಕ್ಲೀನ್ ಅಂಡ್ ಜರ್ಕ್‌ನಲ್ಲಿ 138, ಒಟ್ಟು 249 ಕೆ.ಜಿ. ಅಷ್ಟು ಸಣ್ಣ ಮೈಯಲ್ಲಿ! ಈ ಆಟದ ಒಂದು ನಿಯಮ ನನಗೆ ಬಹಳ ಇಷ್ಟ. ಒಂದೊಂದರಲ್ಲೂ ಮೂರು ಅವಕಾಶ. ಬಾರಿನ ತೂಕ ಏರಿಸಬಹುದು, ಇಳಿಸುವಂತಿಲ್ಲ. ಹಾಗಾಗಿ ಮೊದಲ ಅವಕಾಶಕ್ಕೆ ಖಂಡಿತ ಎತ್ತುವ ತೂಕವನ್ನೇ ನೋಡಿ ಇಟ್ಟುಕೊಳ್ಳುತ್ತಾರೆ. ಪದಕ ಗೆಲ್ಲುವವರೇ ಮೊದಲ ಎತ್ತಿನಲ್ಲಿ ಹುಷಾರು. ನಾವು ಮಾತ್ರ ಆರು ವಾರ ಹೋಳಿಗೆ ತಿಂದು ಬಂದು ನೇರ 50ಕ್ಕೆ ಕೈ ಹಾಕುತ್ತೇವೆ.

ಮತ್ತೆ ಹೋಗುವಾಗ ಎಷ್ಟರಿಂದ ಶುರು ಮಾಡಬೇಕು? ನಾನು ಇಟ್ಟುಕೊಂಡ ಲೆಕ್ಕ ಹೇಳುತ್ತೇನೆ, ಗಣಿತದ ಟೀಚರಲ್ಲವೇ. ಒಂದು ವಾರ ಬಿಟ್ಟಿದ್ದರೆ ಚಿಂತೆಯಿಲ್ಲ, ಶಕ್ತಿ ಅಷ್ಟು ಬೇಗ ಹೋಗುವುದಿಲ್ಲ. ಎರಡು ಮೂರು ವಾರವಾಗಿದ್ದರೆ ಮುಕ್ಕಾಲು ತೂಕ. ತಿಂಗಳು ದಾಟಿದರೆ ಅರ್ಧ. ಸೆಟ್ಟುಗಳೂ, ಅಂದರೆ ನಡುವೆ ನಿಲ್ಲಿಸದೆ ಎತ್ತುವ ಸುತ್ತುಗಳೂ, ಅರ್ಧ. 'ಇನ್ನೂ ನಾಲ್ಕು ಸಲ ಎತ್ತಬಹುದಿತ್ತು' ಅನ್ನಿಸುವಾಗಲೇ ಬಾರ್ ಕೆಳಗಿಡುತ್ತೇನೆ. ಒಮ್ಮೆ ಬೆಳೆದ ಸ್ನಾಯು ಎರಡನೇ ಸಲ ಬೇಗ ಬೆಳೆಯುತ್ತದೆ. ಏಳು ತಿಂಗಳು ಹಿಡಿದಿದ್ದ 50ಕ್ಕೆ ನಾನು ಮತ್ತೆ ಬಂದದ್ದು ಎರಡೂವರೆ ತಿಂಗಳಲ್ಲಿ.

ಅರ್ಧಕ್ಕೆ ಇಳಿಸಿದರೂ ಮಾರನೇ ದಿನ ಮೈಕೈ ನೋಯುತ್ತದೆ. ಅದಕ್ಕೆ ಹೆದರಬೇಡಿ. ಅದು ಲ್ಯಾಕ್ಟಿಕ್ ಆಮ್ಲ ನಿಂತಿದ್ದರಿಂದ ಅನ್ನುತ್ತಾರೆ, ಹಾಗಲ್ಲ. ಆ ಆಮ್ಲ ಗಂಟೆ ಎರಡು ಗಂಟೆಯಲ್ಲೇ ಕರಗಿ ಹೋಗಿರುತ್ತದೆ. ರೂಢಿ ತಪ್ಪಿದ ಸ್ನಾಯುವಿನ ಎಳೆಗಳಿಗೆ ಸಣ್ಣಪುಟ್ಟ ಪೆಟ್ಟಾಗಿರುತ್ತದೆ. ಒಂದರಿಂದ ಮೂರು ದಿನದೊಳಗೆ ಜೋರಾಗಿ, ತಾನೇ ಇಳಿಯುತ್ತದೆ. ಎರಡೂ ತೊಡೆ ಒಂದೇ ಥರ, ಮಂದವಾಗಿ ನೋಯುತ್ತಿದ್ದರೆ ಅದು ಈ ನೋವು. ಎತ್ತುತ್ತಿರುವಾಗಲೇ, ಒಂದೇ ಜಾಗದಲ್ಲಿ, ಕೀಲಿನ ಹತ್ತಿರ ಚುಚ್ಚಿದರೆ ಅದು ಬೇರೆ. ಅಲ್ಲಿಗೆ ನಿಲ್ಲಿಸಿ. 'ನೋವಾದರೆ ಮಾತ್ರ ಫಲ' ಅನ್ನುವ ಪೋಸ್ಟರು ನಮ್ಮ ಜಿಮ್ಮಿನ ಗೋಡೆಯ ಮೇಲೂ ಇದೆ. ನನಗೆ ಅದನ್ನು ಕಂಡರಾಗುವುದಿಲ್ಲ.

ಇನ್ನೊಂದು ಮಾತು, ಹುಡುಗರಿಗೆ ಮತ್ತು ನನ್ನಂಥ ಟೀಚರುಗಳಿಗೆ. ರೂಢಿ ಇಲ್ಲದೆ ಒಮ್ಮೆಲೇ ಇನ್ನೂರು ಮುನ್ನೂರು ಬಸ್ಕಿ ಹೊಡೆದರೆ ಸ್ನಾಯು ಒಡೆದು, ಅದರ ಅಂಶ ರಕ್ತಕ್ಕೆ ಸೇರಿ, ಮೂತ್ರಪಿಂಡಕ್ಕೆ ತೊಂದರೆ ಆಗಬಹುದು. ತಡೆಯಲಾಗದ ನೋವು, ಊತ, ಮೂತ್ರ ನಮ್ಮ ಕಷಾಯದ ಬಣ್ಣಕ್ಕೆ ತಿರುಗುವುದು, ಇವು ಅದರ ಗುರುತು. ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಶಾಲೆಯಲ್ಲಿ ಶಿಕ್ಷೆಗೆ ಬಸ್ಕಿ ಹೊಡೆಸುವವರು ಇದನ್ನು ನೆನಪಿಡಿ.

ಬೆಳಗಿನ ಜಾವ ಹೋಗುವವರಿಗೆ ಒಂದು ವಿಷಯ. ರಾತ್ರಿ ಮಲಗಿದ್ದಾಗ ಬೆನ್ನುಮೂಳೆಯ ನಡುವಿನ ಡಿಸ್ಕುಗಳು ನೀರು ಹೀರಿ ಉಬ್ಬುತ್ತವೆ. ಎದ್ದ ಹೊತ್ತಿಗೆ ನಾವು ಸುಮಾರು ಒಂದು ಸೆಂಟಿಮೀಟರ್ ಹೆಚ್ಚು ಉದ್ದ ಇರುತ್ತೇವೆ! ಆ ಮೊದಲ ಒಂದು ಗಂಟೆ ಬೆನ್ನು ಬಗ್ಗಿಸಿ ಭಾರ ಎತ್ತಬಾರದು. ನಾನು ಐದೂವರೆಗೆ ಎದ್ದು ಆರಕ್ಕೆ ಬಾರ್ ಹಿಡಿಯುತ್ತಿದ್ದೆ. ಈಗ ಎದ್ದು, ಕಾಫಿ ಕುಡಿದು, ದೋಸೆ ಹಿಟ್ಟಿನ ಕೆಲಸ ಮುಗಿಸಿ ಹೋಗುತ್ತೇನೆ. ಮೊದಲ ಎರಡು ಸೆಟ್ ಖಾಲಿ ಬಾರ್. ಚಳಿ ಮಳೆಯ ದಿನ ಮೂರು.

ಬಗ್ಗುವ ರೀತಿಯನ್ನು ರೇಡಿಯೋದಲ್ಲಿ ಹೇಳುವುದು ಕಷ್ಟ, ಆದರೂ ನೋಡೋಣ. ಎರಡೂ ಕೈಯಲ್ಲಿ ಕೊಡ ಹಿಡಿದುಕೊಂಡು ಹಿಂದಿನ ಬಾಗಿಲನ್ನು ಕುಂಡೆಯಿಂದ ದೂಡುತ್ತೇವಲ್ಲ, ಆ ಬಗ್ಗು. ಬೆನ್ನು ಹಲಗೆಯ ಹಾಗೆ ಇರಬೇಕು, ಬಾರ್ ಕಾಲಿಗೆ ಸವರಿಕೊಂಡೇ ಬರಬೇಕು. ಬಾವಿಕಟ್ಟೆಯ ಮೇಲಿಂದ ಇಣುಕುವ ಹಾಗೆ ಬೆನ್ನು ಬಾಗಿದರೆ ತೂಕ ಜಾಸ್ತಿಯಾಯಿತು ಅಂತಲೇ ಅರ್ಥ. ಬಿ.ಪಿ. ಇರುವವರು ಉಸಿರು ಕಟ್ಟಿ ಎತ್ತಬೇಡಿ, ಆ ಕ್ಷಣ ರಕ್ತದೊತ್ತಡ ವಿಪರೀತ ಏರುತ್ತದೆ. ಏಳುವಾಗ ಉಸಿರು ಬಿಡಿ.

ಆ ನಾಲ್ಕು ತಿಂಗಳ ನಂತರ ನನ್ನನ್ನು ಜಿಮ್‌ಗೆ ಮತ್ತೆ ಕಳಿಸಿದ್ದು ಯಾವ ಸ್ಫೂರ್ತಿಯ ಮಾತೂ ಅಲ್ಲ, ಗ್ಯಾಸ್ ಸಿಲಿಂಡರು. ಒಳಗೆ 14.2 ಕೆ.ಜಿ. ಗ್ಯಾಸು, ಕಬ್ಬಿಣವೂ ಸೇರಿದರೆ ಮೂವತ್ತರ ಹತ್ತಿರ. ಮೊದಲು ಅದನ್ನು ಗೇಟಿನಿಂದ ಅಡುಗೆಮನೆಗೆ ನಾನೇ ತರುತ್ತಿದ್ದೆ. ಅವತ್ತು ಪಕ್ಕದ ಮನೆ ಹುಡುಗನನ್ನು ಕರೆಯಬೇಕಾಯಿತು. ಅವನು ಮೊಬೈಲು ನೋಡುತ್ತಲೇ ಒಂದು ಕೈಯಲ್ಲಿ ಉರುಳಿಸಿಕೊಂಡು ಬಂದ. ನನಗೆ ಎಷ್ಟು ಸಿಟ್ಟು ಬಂತೆಂದರೆ, ಮಾರನೇ ದಿನವೇ ಹೋದೆ.

ಸಿಟ್ಟು ದಿನಾ ಬರುವುದಿಲ್ಲವಲ್ಲ. ಬಾರದ ದಿನಗಳಿಗೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ತಾರೀಖು, ಎಷ್ಟು ತೂಕ, ಎಷ್ಟು ಸಲ, ಅಷ್ಟೇ. ಮನಸ್ಸಿಲ್ಲದ ದಿನ ಖಾಲಿ ಬಾರನ್ನು ಹತ್ತು ಸಲ ಎತ್ತಿ ಬಂದರೂ ಒಂದು ಸಾಲು ಬರೆಯುತ್ತೇನೆ. ಬಿಟ್ಟ ವಾರಗಳನ್ನೂ ಬರೆಯುತ್ತೇನೆ, 'ಕೊಯ್ಲು', 'ಪರೀಕ್ಷೆ ಪೇಪರ್' ಅಂತ. ಬರೆದಿಟ್ಟರೆ ಅದು ತಪ್ಪು ಅನ್ನಿಸುವುದಿಲ್ಲ, ರಜೆ ಅನ್ನಿಸುತ್ತದೆ.

ಈಗಿನ ಸಾಲು ಹೀಗಿದೆ: 'ಗೃಹಪ್ರವೇಶ, ಆಮೇಲೆ ಜ್ವರ, ಐದು ವಾರ.' ನಾಳೆ ಸೋಮವಾರ, ಮತ್ತೆ ಹೋಗುತ್ತಿದ್ದೇನೆ. ಬಿಡುವ ಹೊತ್ತಿಗೆ 60 ಎತ್ತುತ್ತಿದ್ದೆ. ನಾಳೆಯ ತಾರೀಖಿನ ಮುಂದೆ ಇವತ್ತೇ 30 ಅಂತ ಬರೆದು, ಕೆಳಗೆ ಗೆರೆ ಎಳೆದು, ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸ್ಕೂಟಿಯ ಡಿಕ್ಕಿಯಲ್ಲಿ ಇಟ್ಟು ಬಂದಿದ್ದೇನೆ.

ನಮಸ್ಕಾರ.