ಸೇತುವೆಯಲ್ಲಿ ನಡೆಯುವವರ ಪಾಲು

ಕೇಳುಗರೆಲ್ಲರಿಗೂ ನಮಸ್ಕಾರ.

ರಸ್ತೆಯಲ್ಲಿ ನಡೆಯಲು ಜಾಗವಿಲ್ಲದಿದ್ದರೆ ಪಕ್ಕದ ಗಲ್ಲಿ ಹಿಡಿಯುತ್ತೀರಿ, ಗದ್ದೆಯ ಬದುವಿನ ಮೇಲೆ ಹೋಗುತ್ತೀರಿ. ಸೇತುವೆಗೆ ಗಲ್ಲಿಯೂ ಇಲ್ಲ, ಬದುವೂ ಇಲ್ಲ. ಎರಡೂ ಕಡೆ ನೀರು. ಅಲ್ಲಿ ಕಾಲಿಗೆ ಜಾಗ ಬಿಡದಿದ್ದರೆ ಆಚೆ ದಡವೇ ನಿಮಗಿಲ್ಲ. ಅದಕ್ಕೇ ಈ ಹೊತ್ತು ನಾನು ಹೇಳುವುದು ಒಂದೇ ಮಾತು: ಕಾಲುದಾರಿಯನ್ನು ನಕ್ಷೆಯಲ್ಲೇ ಕೇಳಿ. ಕಂಬ ಎದ್ದ ಮೇಲೆ ಕೇಳಬೇಡಿ, ಸಿಗುವುದಿಲ್ಲ.

ಶರಾವತಿ ಹಿನ್ನೀರಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ, ಅಂದರೆ ನಮ್ಮ ಸಿಗಂದೂರು ಸೇತುವೆ, 2025ರ ಜುಲೈ 14ರಂದು ತೆರೆಯಿತು. ಉದ್ದ ಸುಮಾರು 2.44 ಕಿಲೋಮೀಟರ್. ಲಾಂಚಿಗೆ ಕಾಯುತ್ತಿದ್ದ ತುಮರಿ ಕಡೆಯವರು ಈಗ ನಡೆದೇ ದಾಟಬಹುದು, ಅರ್ಧ ಗಂಟೆಯ ದಾರಿ. ಸೈಕಲ್ಲಿಗೆ ಹತ್ತು ನಿಮಿಷ. ಆದರೆ ನಡುನೀರಿನ ಮೇಲೆ ಮಳೆ ಹಿಡಿಯಿತು ಅನ್ನಿ, ಎತ್ತ ತಿರುಗಿದರೂ ಕಾಲು ಗಂಟೆ ದೂರ. ಉದ್ದ ಸೇತುವೆಯ ಕಷ್ಟ ಇರುವುದು ಇಲ್ಲಿ. ಕಾಲುದಾರಿ ಬಿಡದಿದ್ದರೆ, ಲಾರಿ ಬಂತೆಂದು ಪಕ್ಕಕ್ಕೆ ಸರಿಯಲು ಪಕ್ಕವೇ ಇರುವುದಿಲ್ಲ.

ಈಗ ಒಂದು ಕಥೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ಆರು ತಿಂಗಳ ಅಂತರದಲ್ಲಿ ಎರಡು ಸೇತುವೆಗಳು ತೆರೆದವು. 1936ರ ನವೆಂಬರಿನಲ್ಲಿ ಓಕ್‌ಲ್ಯಾಂಡ್ ಕಡೆಗೆ ಹೋಗುವ ಬೇ ಬ್ರಿಡ್ಜ್, 1937ರ ಮೇ ತಿಂಗಳಲ್ಲಿ ಗೋಲ್ಡನ್ ಗೇಟ್. ಗೋಲ್ಡನ್ ಗೇಟಿನ ನಕ್ಷೆಯಲ್ಲೇ ಎರಡೂ ಬದಿ ಕಾಲುದಾರಿ ಇತ್ತು. ಮೊದಲ ದಿನ ಸೇತುವೆಯನ್ನು ಬಿಟ್ಟದ್ದೇ ನಡೆಯುವವರಿಗೆ. ಕಾರುಗಳ ಸರದಿ ಮರುದಿನ! ಇವತ್ತಿಗೂ ಜನ ನಡೆಯುತ್ತಾರೆ, ಸೈಕಲ್ ತುಳಿಯುತ್ತಾರೆ. ಬೇ ಬ್ರಿಡ್ಜಿಗೆ ಎರಡು ಅಂತಸ್ತು. ಆಗ ಮೇಲೆ ಕಾರು, ಕೆಳಗೆ ಲಾರಿ, 1939ರಿಂದ 1958ರವರೆಗೆ ರೈಲು ಕೂಡ. ಕಾಲಿಗೆ ಮಾತ್ರ ಒಂದಡಿಯೂ ಇರಲಿಲ್ಲ.

1989ರ ಅಕ್ಟೋಬರಿನಲ್ಲಿ ಭೂಕಂಪವಾಗಿ ಆ ಸೇತುವೆಯ ಪೂರ್ವಭಾಗದಲ್ಲಿ ಮೇಲಂತಸ್ತಿನ ತುಂಡೊಂದು ಕೆಳಗಿನದರ ಮೇಲೆ ಬಿತ್ತು. ಪೂರ್ವಭಾಗವನ್ನೇ ಹೊಸದಾಗಿ ಕಟ್ಟಬೇಕಾಯಿತು. ಈ ಸಲ ಸೈಕಲ್ಲಿನವರು ನಕ್ಷೆಯ ಹಂತದಲ್ಲೇ ಪಟ್ಟು ಹಿಡಿದರು. ಸುಮಾರು 4.7 ಮೀಟರ್ ಅಗಲದ ದಾರಿ ಸಿಕ್ಕಿತು. ನಮ್ಮ ಎಷ್ಟೋ ಊರುಗಳ ಬಸ್ಸಿನ ರಸ್ತೆಯೇ ಅಷ್ಟು ಅಗಲ ಇರುವುದಿಲ್ಲ. 2013ರ ಸೆಪ್ಟೆಂಬರಿನಲ್ಲಿ ಅದು ತೆರೆಯಿತು. ಆದರೆ ಒಡೆಯಬೇಕಾದ ಹಳೇ ಸೇತುವೆ ಅಡ್ಡ ನಿಂತಿತ್ತು. ಹೊಸ ದಾರಿ ನೀರಿನ ಮೇಲೆಯೇ ಮುಗಿಯುತ್ತಿತ್ತು. ಮೂರು ವರ್ಷ ಜನ ಅಲ್ಲಿಯವರೆಗೆ ಹೋಗಿ, ಸಮುದ್ರ ನೋಡಿ, ವಾಪಸು ಬರುತ್ತಿದ್ದರು. ಸೇತುವೆಯ ಪೂರ್ವ, ಪಶ್ಚಿಮ ಭಾಗಗಳ ನಡುವೆ ಇರುವ ದ್ವೀಪವನ್ನು ದಾರಿ ಮುಟ್ಟಿದ್ದು 2016ರಲ್ಲಿ. ಅಲ್ಲಿಂದ ಮುಂದೆ ಸ್ಯಾನ್ ಫ್ರಾನ್ಸಿಸ್ಕೋಗೆ? ಇಲ್ಲ. ಪಶ್ಚಿಮಭಾಗ 1936ರದ್ದೇ, ಅದು ತೂಗುಸೇತುವೆ. ಅಂಚಿಗೆ ಹೊಸ ದಾರಿ ಜೋಡಿಸಿದರೆ ಆ ಭಾರಕ್ಕೆ ಕೇಬಲ್ ಇಳಿಯುತ್ತದೆ, ಹಡಗಿಗೆಂದು ಕೆಳಗೆ ಬಿಟ್ಟ ಎತ್ತರ ಕಡಿಮೆಯಾಗುತ್ತದೆ. ಹೀಗಾಗಿ ಸೈಕಲ್ಲಿನವರು ದ್ವೀಪದಲ್ಲಿ ನಿಂತು ಎದುರಿಗೇ ಕಾಣುವ ಊರನ್ನು ನೋಡಬೇಕು. ಒಂದೇ ಸೇತುವೆ. ನಕ್ಷೆಯಲ್ಲಿ ಕೇಳಿದ ಅರ್ಧಕ್ಕೆ ದಾರಿ ಇದೆ, ಕೇಳದ ಅರ್ಧಕ್ಕೆ ಇಲ್ಲ.

ಅದೇ ಕೊಲ್ಲಿಯ ಉತ್ತರಕ್ಕೆ ರಿಚ್‌ಮಂಡ್ ಸೇತುವೆ ಇದೆ, 1956ರದ್ದು. 2019ರಲ್ಲಿ ಅದರ ಅಂಚಿನ ಪಟ್ಟಿಯನ್ನು ಜರುಗಿಸಬಲ್ಲ ತಡೆಗೋಡೆಯಿಂದ ಬೇರ್ಪಡಿಸಿ ಸೈಕಲ್ಲಿಗೆ ಕೊಟ್ಟರು. 2025ರಲ್ಲಿ ಅದನ್ನು ಗುರುವಾರ ಮಧ್ಯಾಹ್ನದಿಂದ ಭಾನುವಾರದವರೆಗಿನ ದಿನಗಳಿಗೆ ಇಳಿಸಿದರು. ಜರುಗುವ ಗೋಡೆ, ಜರುಗಿತು.

ಕಥೆ ಉದ್ದವಾಯಿತು, ಅಳತೆಗಳನ್ನು ಬೇಗ ಹೇಳಿಬಿಡುತ್ತೇನೆ. ಪೆನ್ಸಿಲ್ ಇದ್ದರೆ ಹಿಡಿದುಕೊಳ್ಳಿ.

ನಮ್ಮಲ್ಲಿ ಸೇತುವೆಯ ಕಾಲುದಾರಿ ಎಂದರೆ ಸಾಮಾನ್ಯವಾಗಿ ಒಂದೂವರೆ ಮೀಟರ್. ಅದು ನಡೆಯುವವರಿಗೆ ಮಾತ್ರ ಸಾಕು. ಹ್ಯಾಂಡಲ್ಲೇ 60 ಸೆಂಟಿಮೀಟರ್, ಗಾಳಿಗೆ ಓಲಾಡುವುದು ಸೇರಿ ಒಂದು ಸೈಕಲ್ಲಿಗೆ ಒಂದು ಮೀಟರ್ ಬೇಕು. ಎರಡು ಸೈಕಲ್, ಒಬ್ಬರು ನಡೆಯುವವರು ಎಂದರೆ ಮೂರು ಮೀಟರ್. ಎರಡೂ ಬದಿ ಕಿರಿದಾಗಿ ಕೊಡುವುದಕ್ಕಿಂತ ಒಂದೇ ಬದಿ ಅಗಲವಾಗಿ ಕೊಡಿ ಎನ್ನಿ. ರೇಲಿಂಗ್ 1.1 ಮೀಟರ್ ಇದ್ದರೆ ನಡೆಯುವವರಿಗೆ ಸರಿ. ಸೈಕಲ್ ಮೇಲೆ ಕೂತವರ ಸೊಂಟ ಅದಕ್ಕಿಂತ ಹೆಚ್ಚೇನೂ ಕೆಳಗಿರುವುದಿಲ್ಲ, ಆಯ ತಪ್ಪಿದರೆ ನೀರಿಗೇ. 1.4 ಮೀಟರ್ ಕೇಳಿ. ಗಟ್ಟಿ ತಡೆಗೋಡೆ ಇರಬೇಕಾದ್ದು ಲಾರಿಗೂ ಕಾಲುದಾರಿಗೂ ನಡುವೆ. ಬರೀ ಒಂದು ಗೇಣೆತ್ತರದ ಅಂಚುಕಲ್ಲು ಲಾರಿಯನ್ನು ನಿಲ್ಲಿಸುವುದಿಲ್ಲ.

ಭಾರದ ಮಾತು. "ಜನ ಹಗುರ, ಆಮೇಲೆ ನೋಡೋಣ" ಎನ್ನುವವರಿದ್ದಾರೆ. 1987ರಲ್ಲಿ ಗೋಲ್ಡನ್ ಗೇಟಿನ ಐವತ್ತನೇ ವರ್ಷಕ್ಕೆ ಸುಮಾರು ಮೂರು ಲಕ್ಷ ಜನ ಮೇಲೆ ಹತ್ತಿದಾಗ ಸೇತುವೆಯ ನಡುಭಾಗದ ಉಬ್ಬು ಚಪ್ಪಟೆಯಾಗಿ ಕಂಡಿತ್ತು. ನಮ್ಮ ರಸ್ತೆ, ಸೇತುವೆಗಳಿಗೆ ಅಳತೆ ಹೇಳುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮವೂ ಕಾಲುದಾರಿಗೆ ಚದರ ಮೀಟರಿಗೆ 400 ಕಿಲೋ ಲೆಕ್ಕ ಹಿಡಿಯುತ್ತದೆ, ಜಾತ್ರೆ, ತೀರ್ಥಕ್ಷೇತ್ರದ ಕಡೆ 500. ಅಂದರೆ ಕಾಲುದಾರಿಯ ಭಾರವನ್ನು ಕಂಬದ ಲೆಕ್ಕದಲ್ಲೇ ಸೇರಿಸಬೇಕು.

ಕಟ್ಟಿದ ಮೇಲೆ ಕೆಡುವುದು ಎಲ್ಲಿ? ಕಾಲುದಾರಿಯ ಚಪ್ಪಡಿಗಳ ಕೆಳಗೆ ಕೇಬಲ್, ನೀರಿನ ಪೈಪು ಓಡಿಸುತ್ತಾರೆ. ರಿಪೇರಿಗೆ ಎತ್ತಿದ ಚಪ್ಪಡಿ ಒಡೆಯುತ್ತದೆ, ಜನ ರಸ್ತೆಗೆ ಇಳಿಯುತ್ತಾರೆ. ನೀರು ಹೋಗುವ ಜಾಲರಿಯ ಸರಳು ಚಕ್ರದ ದಿಕ್ಕಿಗೇ ಇದ್ದರೆ ಟೈರು ಒಳಗೆ ಸಿಕ್ಕುತ್ತದೆ; ಸರಳು ಅಡ್ಡ ಇರಬೇಕು. ಸಂದುಗಳ ಮೇಲಿನ ಉಕ್ಕಿನ ತಗಡನ್ನು ಒಂದು ಬದಿ ಮಾತ್ರ ಬೋಲ್ಟ್ ಮಾಡುತ್ತಾರೆ, ಸೇತುವೆ ಬಿಸಿಲಿಗೆ ಹಿಗ್ಗಬೇಕಲ್ಲ! ಬೋಲ್ಟ್ ಹೋದರೆ ಅಂಚು ಎದ್ದು ಕಾಲಿಗೆ ತಾಗುತ್ತದೆ. ಸೇತುವೆಯ ಎರಡೂ ತುದಿಗಳಲ್ಲಿ ಮೆಟ್ಟಿಲು ಬೇಡ, 12ಕ್ಕೆ 1ರ ಇಳಿಜಾರು ಇರಲಿ.

ಕಾನೂನು ನಿಮ್ಮ ಕಡೆ ಇದೆ. ಕಾಲುದಾರಿಯ ಬಳಕೆ ಸಂವಿಧಾನದ 21ನೇ ವಿಧಿಯ ಹಕ್ಕು ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಸೈಕಲ್ ಬಂದ್ ಎಂದಾಗ ಸರ್ವಿಸ್ ರಸ್ತೆಯನ್ನು ತೋರಿಸಿದರು. ಹೊಳೆಯ ಮೇಲೆ ಸರ್ವಿಸ್ ರಸ್ತೆಗೂ ಸೇತುವೆ ಬೇಕು ಎಂಬುದನ್ನು ಕೇಳಿ ಪಡೆಯಬೇಕು.

ಹೇಗೆ ಕೇಳುವುದು? ನಿಮ್ಮೂರಿಗೆ ಸೇತುವೆ ಮಂಜೂರಾಗಿದೆ ಎಂದು ಪತ್ರಿಕೆಯಲ್ಲಿ ಬಂದ ವಾರವೇ, ಶಂಕುಸ್ಥಾಪನೆಗೆ ಕಾಯದೆ, ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ರಾಜ್ಯದ ರಸ್ತೆಯಾದರೆ ಲೋಕೋಪಯೋಗಿ ಇಲಾಖೆಗೆ, ಹೆದ್ದಾರಿಯಾದರೆ ಅದನ್ನು ಕಟ್ಟಿಸುವ ಕಚೇರಿಗೆ. ರಾಜ್ಯದ ಕಚೇರಿಗೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಊರಿನ ಕಷ್ಟಸುಖ ಅಲ್ಲಿ ಬರೆಯಬೇಡಿ. "ಸೇತುವೆಯ ಜನರಲ್ ಅರೇಂಜ್‌ಮೆಂಟ್ ಡ್ರಾಯಿಂಗ್ ಮತ್ತು ಕ್ರಾಸ್ ಸೆಕ್ಷನ್ ಪ್ರತಿ ಕೊಡಿ" ಎಂದಷ್ಟೇ ಬರೆಯಿರಿ. 30 ದಿನದೊಳಗೆ ಉತ್ತರ ಕೊಡಬೇಕು. ನಕ್ಷೆ ಕೈಗೆ ಬಂದಾಗ ಬಣ್ಣದ ಚಿತ್ರ ನೋಡಬೇಡಿ, ಅಡ್ಡ ಸೀಳಿದ ಚಿತ್ರ, ಅಂದರೆ ಆ ಕ್ರಾಸ್ ಸೆಕ್ಷನ್ ನೋಡಿ. ಎಡತುದಿಯಿಂದ ಬಲತುದಿಗೆ ಅಂಕಿಗಳನ್ನು ಓದುತ್ತಾ ಹೋಗಿ. ಅದರಲ್ಲಿ ಕಾಲುದಾರಿಯ ಅಂಕಿ ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಅದೊಂದನ್ನೇ ಠರಾವು ಮಾಡಿಸಿ, ಆ ಠರಾವಿನ ಪ್ರತಿಯನ್ನು ಟೆಂಡರ್ ಕರೆಯುವ ಮೊದಲು ಇಂಜಿನಿಯರ್ ಕಚೇರಿಗೆ ತಲುಪಿಸಿ, ಸ್ವೀಕೃತಿ ಪಡೆಯಿರಿ.

ನಮಸ್ಕಾರ.