ಫೋಟೋ ತಿರುಗಿಸಿ ನೋಡಿ

ಕೇಳುಗರಿಗೆಲ್ಲ ನಮಸ್ಕಾರ. ಮಧ್ಯಾಹ್ನದ ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು, ರೇಡಿಯೋ ಪಕ್ಕ ಕೂತಿರೋ ಅಮ್ಮಂದಿರು ಅಕ್ಕಂದಿರು, ತೋಟದಲ್ಲಿ ಪಂಪ್‌ಸೆಟ್ ಮನೆ ನೆರಳಲ್ಲಿ ಕೇಳ್ತಿರೋ ಯಜಮಾನ್ರು, ನಿಮ್ಮನ್ನೆಲ್ಲ ನೆನೆಸ್ಕೊಂಡೇ ಮಾತಾಡ್ತಾ ಇದೀನಿ. ಹಳೇ ಫೋಟೋ ರಿಪೇರಿ ಮಾಡೋದು ನನ್ನ ಕೆಲಸ, ಹರಿದಿದ್ದು, ಗೆದ್ದಲು ತಿಂದಿದ್ದು, ಫ್ರೇಮಿನ ಗಾಜಿಗೆ ಅಂಟ್ಕೊಂಡಿದ್ದು ಎಲ್ಲಾ ಬರುತ್ತೆ. ಆದ್ರೆ ಇವತ್ತು ಹೇಳಕ್ಕೆ ಬಂದಿರೋದು ಗಿರಾಕಿಗಳು ತರೋ ಫೋಟೋ ಬಗ್ಗೆ ಅಲ್ಲ, ಬೇಡ ಅಂತ ಮನೆಯಿಂದ ಆಚೆ ಹಾಕಿದ ಫೋಟೋಗಳ ಬಗ್ಗೆ. ಇಪ್ಪತ್ತು ವರ್ಷದಿಂದ ನಾನು ಅದನ್ನ ಹುಡುಕಿ ಹುಡುಕಿ ಕೂಡಿಡ್ತಾ ಇದೀನಿ, ಒಬ್ಬರೂ ನಮ್ಮ ನೆಂಟರಲ್ಲ.

ಎಲ್ಲಿ ಸಿಗುತ್ತೆ ಅಂತ ಕೇಳ್ತಾರೆ. ಹಳೇ ಮನೆ ಕೆಡವೋವಾಗ ಸಿಗುತ್ತೆ, ಅಣ್ಣತಮ್ಮಂದಿರು ಪಾಲಾದಾಗ ಸಿಗುತ್ತೆ, ಪಾಲು ಪಟ್ಟಿಯಲ್ಲಿ ಕೊಳದಪ್ಪಲೆ ಇರುತ್ತೆ, ಒರಳು ಇರುತ್ತೆ, ಫೋಟೋ ಆಲ್ಬಂ ಇರಲ್ಲ. ಅದು ಅಟ್ಟದಲ್ಲೇ ಉಳಿದು ಕೊನೆಗೆ ಗುಜರಿಯವನ ತಕ್ಕಡಿಗೆ ಹೋಗುತ್ತೆ. ಫ್ರೇಮ್ ತೇಗದ್ದಾದ್ರೆ ಫ್ರೇಮಿಗೆ ಬೆಲೆ, ಒಳಗಿರೋ ತಾತನ್ನ ಕಿತ್ತು ಪಕ್ಕಕ್ಕಿಡ್ತಾರೆ. ಬೆಂಗಳೂರಲ್ಲಿ ಚಿಕ್ಕಪೇಟೆ ಹತ್ರ ಭಾನುವಾರ ಬೆಳಗ್ಗೆ ನೆಲದ ಮೇಲೆ ಸಂತೆ ಹಾಕ್ತಾರಲ್ಲ, ಹಳೇ ಸ್ಪ್ಯಾನರು, ಕೆಟ್ಟ ಗಡಿಯಾರ, ಒಂಟಿ ಶೂ, ಅದರ ನಡುವೆ ಟಾರ್ಪಾಲಿನ ಮೇಲೆ ಮದುವೆ ಗಂಡು ಹೆಣ್ಣು ಮಲಗಿರ್ತಾರೆ.

ನೋಡಿದೋರು ಏನ್ ಮಾಡ್ತಾರೆ? ಅಯ್ಯೋ ಪಾಪ ಯಾರೋ ಏನೋ ಅಂತಾರೆ. ಇಲ್ಲಾಂದ್ರೆ ಕಥೆ ಕಟ್ಟಕ್ಕೆ ಶುರು ಮಾಡ್ತಾರೆ, ಈಕೆ ಮುಖದಲ್ಲಿ ಏನೋ ದುಃಖ ಇದೆ, ಗಂಡ ಸರಿಯಿಲ್ಲ ಅನ್ಸುತ್ತೆ ಅಂತ. ದುಃಖ ಇಲ್ಲಮ್ಮ, ಫೋಟೋದವನು ಅಲ್ಲಾಡಬೇಡಿ ಅಂದಿದಾನೆ, ಉಸಿರು ಹಿಡ್ಕೊಂಡು ಕೂತಿದಾಳೆ ಅಷ್ಟೆ. ಕಥೆ ಕಟ್ಟೋದು ಆಮೇಲೆ. ಮೊದಲು ಫೋಟೋನ ತಿರುಗಿಸಿ. ನಾನು ಇವತ್ತು ಹೇಳೋದು ಇದೊಂದೇ ಮಾತು, ತಿರುಗಿಸಿ ನೋಡಿ.

ಹಿಂದೆ ಸ್ಟುಡಿಯೋದವರ ಸೀಲ್ ಇರುತ್ತೆ. ವಿಳಾಸದಲ್ಲಿ ಪಿನ್‌ಕೋಡ್ ಇಲ್ಲ ಅಂದ್ರೆ ಅದು 1972ರ ಆಗಸ್ಟ್‌ಗಿಂತ ಹಿಂದಿನದು ಇರಬಹುದು, ಯಾಕಂದ್ರೆ ಪಿನ್‌ಕೋಡ್ ಬಂದಿದ್ದೇ ಆ ವರ್ಷ ಆಗಸ್ಟ್ 15ಕ್ಕೆ. ಮೈಸೂರು ರಾಜ್ಯ ಅಂತ ಇದ್ರೆ 1973ರ ನವೆಂಬರ್‌ಗಿಂತ ಹಿಂದಿನದು ಇರಬಹುದು, ಆಮೇಲೆ ನಾವು ಕರ್ನಾಟಕ ಆದ್ವಿ. ಸೀಲೇ ಇಲ್ಲದ ಪುಟ್ಟ ಚೌಕದ ಫೋಟೋ ಆದ್ರೆ ಮನೇಲೇ ಯಾರೋ ತೆಗೆದಿದ್ದು, ಆಗ್ಫಾ ಕ್ಲಿಕ್ ಥ್ರೀ ಥರದ ಕ್ಯಾಮೆರಾ, ಒಂದು ರೋಲಿಗೆ 12 ಫೋಟೋ ಅಷ್ಟೆ. ಹನ್ನೆರಡೇ ಇದ್ದಾಗ ಎಮ್ಮೆ ಕರೂದೊಂದು ಫೋಟೋ ತೆಗೆದಿದಾರೆ ಅಂದ್ರೆ ಆ ಕರು ಅವರಿಗೆ ಎಷ್ಟು ಮುಖ್ಯ ಆಗಿರಬೇಕು ನೋಡಿ.

ಈಗ ಒಂದು ಫೋಟೋ ಬಗ್ಗೆ ಹೇಳ್ತೀನಿ, ಇಲ್ಲಿ ನನ್ನ ಕೈಯಲ್ಲೇ ಇದೆ. ನಾಕು ವರ್ಷದ ಹಿಂದೆ ಅದೇ ಭಾನುವಾರದ ಸಂತೇಲಿ ಒಂದು ಪ್ಲಾಸ್ಟಿಕ್ ಕವರ್ ತುಂಬಾ ಫೋಟೋ ನೂರು ರೂಪಾಯಿಗೆ ತಗೊಂಡೆ, ಅದರಲ್ಲಿತ್ತು. ಮೊಗ್ಗಿನ ಜಡೆ ಫೋಟೋ. ನಿಮ್ಮಲ್ಲಿ ಎಷ್ಟೋ ಜನ ತೆಗೆಸ್ಕೊಂಡಿರ್ತೀರಿ. ಬೇಸಿಗೆ ರಜೇಲಿ ಮಲ್ಲಿಗೆ ಮೊಗ್ಗು ಸುರಿಯೋ ಕಾಲದಲ್ಲಿ ಹುಡುಗಿಗೆ ಉದ್ದಲಂಗ ಹಾಕ್ಸಿ, ಜಡೆ ಮೇಲೆ ಸಾಲಾಗಿ ಮೊಗ್ಗು ಹೊಲಿದು, ಕುಚ್ಚು ಕಟ್ಟಿ, ಕನ್ನಡಿ ಮುಂದೆ ನಿಲ್ಸೋದು, ಮುಖಾನೂ ಬರಬೇಕು, ಕನ್ನಡಿಯಲ್ಲಿ ಜಡೇನೂ ಬರಬೇಕು. ಅದೂ ಮಧ್ಯಾಹ್ನದೊಳಗೇ ಸ್ಟುಡಿಯೋಗೆ ಓಡಬೇಕು, ಸಂಜೆ ಆದ್ರೆ ಮೊಗ್ಗು ಅರಳಿಬಿಡುತ್ತೆ, ಸಾಲೆಲ್ಲ ಕೆಟ್ಟೋಗುತ್ತೆ.

ಈ ಹುಡುಗಿಗೆ ಏಳೋ ಎಂಟೋ ವರ್ಷ. ತುಟಿ ಬಿಗಿ ಹಿಡಿದಿದಾಳೆ. ಒಂದು ಕಾಲುಂಗುಷ್ಠ ಇನ್ನೊಂದರ ಮೇಲೆ ಇಟ್ಕೊಂಡಿದಾಳೆ. ಕನ್ನಡಿಗೆ ಕೆತ್ತನೆ ಕೆಲಸದ ಮರದ ಚೌಕಟ್ಟು, ಎಡಗಡೆ ಮೇಲಿನ ಮೂಲೆ ಒಡೆದಿದೆ, ಅರ್ಧಚಂದ್ರದ ಹಾಗೆ ಒಂದು ಚೂರು ಹೋಗಿದೆ. ನಾನು ಭೂತಗನ್ನಡಿ ಹಿಡಿದು ಎಷ್ಟೋ ಹೊತ್ತು ಆ ಜಡೆ ನೋಡ್ತಾ ಇದ್ದೆ, ಆಮೇಲೆ ಗೊತ್ತಾಯ್ತು ಕನ್ನಡಿಯೊಳಗೆ ಜಡೆ ಪಕ್ಕದಲ್ಲಿ ಇನ್ನೊಬ್ಬರಿದಾರೆ ಅಂತ! ಕ್ಯಾಮೆರಾ ಪಕ್ಕ ನಿಂತಿರೋ ಒಬ್ಬ ಹೆಂಗಸು, ಸೆರಗು ಸೊಂಟಕ್ಕೆ ಸಿಗಿಸಿದಾಳೆ, ಇನ್ನೂ ಚಿಕ್ಕ ವಯಸ್ಸು, ಕೈಲಿ ಏನೋ ಉಂಡೆ, ದಾರದ ಉಂಡೆ ಅಂತ ನನ್ನ ಲೆಕ್ಕ. ಎಲ್ಲಾದ್ರೂ ಮೊಗ್ಗು ಉದುರಿದ್ರೆ ಅಲ್ಲೇ ಹೊಲಿಯಕ್ಕೆ ದಾರ ಸಮೇತ ಬಂದಿದಾಳೆ. ಆಕೆ ಹುಡುಗಿ ಮುಖ ನೋಡ್ತಿಲ್ಲ, ಜಡೇನೇ ನೋಡ್ತಿದಾಳೆ.

ತಿರುಗಿಸಿದೆ. ಸೀಲ್ ಅರಸೀಕೆರೆದು, ಮೈಸೂರು ರಾಜ್ಯ ಅಂತಿದೆ, ಪಿನ್‌ಕೋಡ್ ಇಲ್ಲ. ಅದರ ಕೆಳಗೆ ಇಂಕ್ ಪೆನ್ನಲ್ಲಿ, ದುಂಡು ಅಕ್ಷರ, ಬರೆದಿರೋದು ಇಷ್ಟು, "ಅತ್ತಿಗೆ ಹಾಕಿದ ಜಡೆ. ಒಂದು ಸಲವೂ ಅಳಲಿಲ್ಲ."

ಹುಡುಗಿ ಹೆಸರಿಲ್ಲ. ಅತ್ತಿಗೆ ಹೆಸರೂ ಇಲ್ಲ. ಮೂರು ನಾಕು ತಾಸು ತಲೆ ಬಗ್ಗಿಸಿ ಕೂರಬೇಕು ಆ ಜಡೆಗೆ, ಸೂಜಿ ಚುಚ್ಚುತ್ತೆ, ಕತ್ತು ನೋಯುತ್ತೆ, ಅವಳು ಅಳಲಿಲ್ಲ ಅನ್ನೋದನ್ನ ಬರೆಯೋ ಅಷ್ಟು ಪ್ರೀತಿ ಇತ್ತು, ಹೆಸರು ಬರೆಯೋದು ತೋಚಲಿಲ್ಲ. ಯಾಕೆ ತೋಚಲಿಲ್ಲ? ಮನೇಲಿ ಎಲ್ಲರಿಗೂ ಗೊತ್ತಿತ್ತಲ್ಲ. ಅತ್ತಿಗೆ ಅಂದ್ರೆ ಒಬ್ಬಳೇ ಅತ್ತಿಗೆ. ನನ್ನ ಹತ್ರ ಇರೋ ಫೋಟೋಗಳ ಹಿಂದೆ ಬರೆದಿರೋದೆಲ್ಲ ಹೀಗೇ. ನಾನು. ಅಕ್ಕ, ಭಾವ. ದೊಡ್ಡಮ್ಮನ ಜೊತೆ ನಾವು. ನೋಡಿ, ಬರೆದಿದಾರೆ, ಆದ್ರೆ ಬರೆಯದೇ ಇದ್ದಂಗೇ ಆಯ್ತು. ಯಾರ ಅಕ್ಕ, ಯಾವ ಊರ ಭಾವ? ಆ ಮನೆ ಮಾತು ಆ ಮನೆ ಹೊಸ್ತಿಲು ದಾಟಿದ ಕೂಡ್ಲೇ ಯಾರಿಗೂ ಅರ್ಥ ಆಗಲ್ಲ.

ಅರಸೀಕೆರೆಗೆ ಹೋದೆ, ಸುಮ್ಮನಿರಕ್ಕಾಗಲಿಲ್ಲ. ಸ್ಟುಡಿಯೋ ಇದ್ದ ಕಡೆ ಮೊಬೈಲ್ ಅಂಗಡಿ. ಪಕ್ಕದ ಬಳೆ ಅಂಗಡಿ ಅಜ್ಜಿಗೆ ಫೋಟೋ ತೋರಿಸ್ದೆ, ಕನ್ನಡಕ ಏರಿಸ್ಕೊಂಡು ನೋಡಿದ್ರು, ಹುಡುಗಿ ಗೊತ್ತಿಲ್ಲಪ್ಪ, ಕನ್ನಡಿ ಗೊತ್ತು ಅಂದ್ರು. ಆ ಕನ್ನಡಿ ಮುಂದೆ ಊರಿನ ಹೆಣ್ಣುಮಕ್ಕಳೆಲ್ಲ ನಿಂತಿದಾರೆ, ಮೂಲೆ ಒಡೆದಿದ್ದು ಸ್ಟುಡಿಯೋ ಬದಲಾಯಿಸ್ದಾಗ, ಗಾಡಿಯಿಂದ ಇಳಿಸೋವಾಗ ಅಂತ ಹೇಳಿದ್ರು. ಮನೆಗೆ ಬಂದು ನನ್ನ ಪೆಟ್ಟಿಗೆಗಳನ್ನೆಲ್ಲ ಮತ್ತೆ ತೆಗೆದೆ. ಬೇರೆ ಬೇರೆ ಕಡೆ, ಬೇರೆ ಬೇರೆ ವರ್ಷ ಕೊಂಡಿದ್ದ ಫೋಟೋಗಳಲ್ಲಿ ಇನ್ನೂ ಎರಡು ಮೊಗ್ಗಿನ ಜಡೆ ಸಿಕ್ತು, ಅದೇ ಕನ್ನಡಿ. ಒಂದರಲ್ಲಿ ಮೂಲೆ ಸರಿಯಿದೆ, ಒಂದರಲ್ಲಿ ಒಡೆದಿದೆ. ಎರಡರ ಹಿಂದೇನೂ ಖಾಲಿ.

ಗಾಜಿನ ಆಚೆಯಿಂದ ಟೈಮ್ ಆಯ್ತು ಅಂತ ಸನ್ನೆ ಮಾಡ್ತಿದಾರೆ, ಬೇಗ ಬೇಗ ಹೇಳ್ತೀನಿ. ಅಮೆರಿಕದ ಶಿಕಾಗೋದಲ್ಲಿ 2007ರಲ್ಲಿ ಬಾಡಿಗೆ ಕಟ್ಟದ ಗೋದಾಮಿನ ಸಾಮಾನು ಹರಾಜಾದಾಗ ಒಬ್ಬ ಯುವಕ ಒಂದು ಪೆಟ್ಟಿಗೆ ನೆಗೆಟಿವ್ ಕೊಂಡ. ತೆಗೆದೋರು ಯಾರು ಅಂತ ಗೊತ್ತಿಲ್ಲ. 2009ರಲ್ಲಿ ಫೋಟೋ ಲ್ಯಾಬಿನ ಒಂದು ಕವರ್ ಮೇಲೆ ಹೆಸರು ಸಿಕ್ತು, ವಿವಿಯನ್ ಮೇಯರ್, ಹುಡುಕಿದ್ರೆ ಆಕೆ ತೀರ್ಕೊಂಡು ಕೆಲವೇ ದಿನ ಆಗಿತ್ತು. ಬೇರೆಯೋರ ಮನೇಲಿ ಮಕ್ಕಳನ್ನ ನೋಡ್ಕೊಳ್ಳೋ ಕೆಲಸ ಮಾಡ್ತಾ ಲಕ್ಷಕ್ಕೂ ಮೇಲೆ ಫೋಟೋ ತೆಗೆದಿದ್ದ ಹೆಂಗಸು, ಈಗ ಜಗತ್ತೇ ಆಕೆ ಹೆಸರು ಹೇಳುತ್ತೆ. ಆ ಕವರ್ ಮೇಲೆ ಯಾರೋ ಹೆಸರು ಬರೆದಿದ್ರು, ಅದಕ್ಕೆ.

ಹಾಗಾಗಿ ನಿಮ್ಮನೆ ಫೋಟೋಗಳನ್ನ ತಿರುಗಿಸಿ. ಖಾಲಿ ಇದ್ರೆ ಹೆಸರು, ಊರು, ವರ್ಷ ಬರೀರಿ, ಮೆತ್ತನೆ ಪೆನ್ಸಿಲಲ್ಲಿ, ಒತ್ತಬೇಡಿ. ಬಾಲ್ ಪೆನ್ ಬೇಡ, ಒತ್ತಿದ್ದು ಮುಂದುಗಡೆ ಗೆರೆ ಬೀಳುತ್ತೆ. ನುಣುಪು ಕಲರ್ ಫೋಟೋ ಮೇಲೆ ಪೆನ್ಸಿಲ್ ಹತ್ತಲ್ಲ, ಅದನ್ನ ಕಾಗದದ ಕವರಲ್ಲಿಟ್ಟು ಕವರ್ ಮೇಲೆ ಬರೀರಿ. ಸೆಲ್ಲೋಟೇಪ್ ಅಂಟಿಸ್ಬೇಡಿ, ದಯವಿಟ್ಟು ಲ್ಯಾಮಿನೇಷನ್ ಅಂತೂ ಮಾಡಿಸ್ಬೇಡಿ. ಅಜ್ಜಿ ಇನ್ನೂ ಇದ್ರೆ ಇವತ್ತು ಸಂಜೇನೇ ಪಕ್ಕದಲ್ಲಿ ಕೂತು ಕೇಳ್ಕೊಳ್ಳಿ. ದೊಡ್ಡಮ್ಮ ಅಂತ ಹೇಳಿದ್ರೆ ಬಿಡಬೇಡಿ, ದೊಡ್ಡಮ್ಮನ ಹೆಸರೇನು ಅಂತ ಕೇಳಿ, ತವರು ಯಾವುದು ಅಂತ ಕೇಳಿ.

ಈ ಜಡೆ ಫೋಟೋ ಹಿಂದೆ ನಾನೂ ಪೆನ್ಸಿಲಲ್ಲಿ ಬರೆದಿದೀನಿ, ಅರಸೀಕೆರೆ, 1972ಕ್ಕಿಂತ ಮುಂಚೆ ಇರಬಹುದು, ಭಾನುವಾರದ ಸಂತೇಲಿ ಸಿಕ್ಕಿದ್ದು ಅಂತ. ಅದರ ಮೇಲೆ ಒಂದು ಗೆರೆಯಷ್ಟು ಜಾಗ ಬಿಟ್ಟಿದೀನಿ. ಆ ಹುಡುಗಿಗೆ ಈಗ ಅರವತ್ತು ದಾಟಿರುತ್ತೆ, ಮೊಮ್ಮಕ್ಕಳಿರಬಹುದು, ಇದೇ ಹೊತ್ತಲ್ಲಿ ರೇಡಿಯೋ ಹಾಕ್ಕೊಂಡು ಕೂತಿರಲೂಬಹುದು. ಅಮ್ಮಾ, ಚಿಕ್ಕವರಿದ್ದಾಗ ಅರಸೀಕೆರೆಯಲ್ಲಿ ಎಡಮೂಲೆ ಒಡೆದ ಕನ್ನಡಿ ಮುಂದೆ ನಿಂತಿದ್ದು ನಿಮಗೆ ನೆನಪಿದ್ರೆ, ಅವತ್ತು ಅಳಲಿಲ್ಲ ಅಂತ ಮನೇಲಿ ಹೊಗಳಿದ್ದು ನೆನಪಿದ್ರೆ, ಈ ಕೇಂದ್ರಕ್ಕೆ ಒಂದು ಕಾಗದ ಹಾಕಿ, ಫೋಟೋ ನಾನೇ ತಂದುಕೊಡ್ತೀನಿ. ಕಾಗದದಲ್ಲಿ ನಿಮ್ಮ ಹೆಸರು ಬರೀರಿ. ನಿಮ್ಮ ಅತ್ತಿಗೆ ಹೆಸರೂ ಬರೀರಿ.

ನಮಸ್ಕಾರ.