54 ಮಿಲಿಮೀಟರ್ ಸಿಪಾಯಿ, 57 ಟನ್ ಟ್ಯಾಂಕ್

ಕೇಳುಗರಿಗೆ ನಮಸ್ಕಾರ. ಇಂಗ್ಲೆಂಡಿನಲ್ಲಿ ಆಟಿಕೆ ಸಿಪಾಯಿಗಳನ್ನು ಕೂಡಿಡುವವರು ಒಂದೆಡೆ ಸೇರಿದರೆ ಬೆಳಗ್ಗೆ ಮೇಜು ಹಾಕಿಕೊಂಡು ಕೊಡು-ಕೊಳ್ಳುವ ವ್ಯವಹಾರ ಮಾಡುತ್ತಾರೆ. ಹತ್ತಿರದಲ್ಲಿ ಸೇನಾ ವಾಹನಗಳ ಸಂಗ್ರಹಾಲಯ ಇದ್ದರಂತೂ ಮಧ್ಯಾಹ್ನ ಎಲ್ಲರೂ ಅಲ್ಲಿಗೇ. ಬೊಂಬೆ ಅಸಲಿಯೋ ನಕಲಿಯೋ ಎಂಬುದು ಮೇಜಿನ ಮೇಲೆ ಗೊತ್ತಾಗುತ್ತದೆ. ಅದರ ಅಳತೆ ಸರಿಯಿದೆಯೇ ಎಂಬುದು ನಿಜವಾದ ಟ್ಯಾಂಕಿನ ಪಕ್ಕ ನಿಂತಾಗ ಮಾತ್ರ ಗೊತ್ತಾಗುವುದು.

ಮೊದಲು ಮೇಜಿನ ಮಾತು. ಇಲ್ಲಿ ಹೆಚ್ಚು ಕೈ ಬದಲಾಯಿಸುವುದು ಲಂಡನ್ನಿನ ವಿಲಿಯಂ ಬ್ರಿಟನ್ ಕಂಪನಿಯ ಸೀಸದ ಸಿಪಾಯಿಗಳು. 1893ರಲ್ಲಿ ಈ ಕಂಪನಿ ಪೊಳ್ಳು ಎರಕದ ವಿಧಾನವನ್ನು ತಂದಿತು. ಸೀಸ, ತವರ, ಆಂಟಿಮನಿ ಸೇರಿದ ಲೋಹವನ್ನು ಕರಗಿಸಿ ಅಚ್ಚಿಗೆ ಹೊಯ್ಯುತ್ತಾರೆ. ಅಚ್ಚಿನ ಗೋಡೆಗೆ ತಾಗಿದ್ದು ಗಟ್ಟಿಯಾಗುವಷ್ಟು ಹೊತ್ತು ಬಿಟ್ಟು, ಒಳಗಿನ ದ್ರವವನ್ನು ತಕ್ಷಣ ಹೊರಗೆ ಸುರಿದುಬಿಡುತ್ತಾರೆ. ಉಳಿಯುವುದು ತೆಳ್ಳನೆಯ ಚಿಪ್ಪು. ಲೋಹ ಉಳಿಯಿತು, ತೂಕ ಇಳಿಯಿತು, ಬೆಲೆಯೂ ಇಳಿಯಿತು. ಗಟ್ಟಿ ಎರಕದ ಜರ್ಮನ್ ಸಿಪಾಯಿಗಳಿಗೆ ಇದು ದೊಡ್ಡ ಪೆಟ್ಟಾಯಿತು. ಎತ್ತರ 54 ಮಿಲಿಮೀಟರ್. ಆಗಿನ ಒಂದನೇ ಗೇಜ್ ಎಂಬ ಹಳಿ ಅಳತೆಯ ಆಟಿಕೆ ರೈಲಿಗೆ ಹೊಂದಲಿ ಎಂದು ಆರಿಸಿಕೊಂಡ ಈ ಅಳತೆಯೇ ಮುಂದೆ ಇಡೀ ಹವ್ಯಾಸಕ್ಕೆ ಮಾನದಂಡವಾಯಿತು. ಕೆಂಪು ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಕಾಲಾಳುಗಳಾದರೆ 8, ಕುದುರೆ ಸವಾರರಾದರೆ 5. ಸೀಸದ ಎರಕ 1966ರ ಹೊತ್ತಿಗೆ ನಿಂತುಹೋಯಿತು.

ಸಿಪಾಯಿಯನ್ನು ಎತ್ತಿಕೊಳ್ಳುವಾಗ ಅಡಿಯ ಪೀಠವನ್ನೇ ಹಿಡಿಯಬೇಕು. ತಲೆ, ಬಂದೂಕು, ಕುದುರೆಯ ಕಾಲು ಇವನ್ನು ಹಿಡಿಯಲೇಬಾರದು. ಪೊಳ್ಳು ಎರಕದಲ್ಲಿ ಕತ್ತಿನ ಭಾಗ ತೀರ ತೆಳು, ಮೊದಲು ಮುರಿಯುವುದೇ ಅದು. ಹಿಂದೆ ಮನೆಗಳಲ್ಲಿ ಬೆಂಕಿಕಡ್ಡಿಯ ತುಂಡೊಂದನ್ನು ಕತ್ತಿನೊಳಗೆ ತೂರಿಸಿ ತಲೆಯನ್ನು ಮತ್ತೆ ಕೂರಿಸುತ್ತಿದ್ದರು. ಮೆಲ್ಲಗೆ ತಿರುವಿದರೆ ತಲೆ ಅಲುಗಾಡಿತೋ, ಒಳಗೆ ಕಡ್ಡಿಯಿದೆ ಎಂದೇ ತಿಳಿಯಿರಿ. ತಿರುಗಿಸಬಹುದಾದ ತೋಳಿದ್ದರೆ ಅದು ಭುಜದ ಗೂಟದ ಮೇಲೆ ಸಡಿಲವಾಗಿ ತಿರುಗಬೇಕು. ಬಿಗಿಯಾಗಿ ನಿಂತಿದ್ದರೆ ಅಂಟು ಹಾಕಿರಬಹುದು, ಬೇರೆ ಬೊಂಬೆಯ ತೋಳೂ ಆಗಿರಬಹುದು. ಬ್ರಿಟನ್ ಕಂಪನಿಯ ಪಟ್ಟಿಯಲ್ಲಿ ಮದ್ರಾಸ್ ಮತ್ತು ಬಂಗಾಳದ ಅಶ್ವದಳಗಳೂ ಇದ್ದವು. ನಮ್ಮವರು ಆಸೆಯಿಂದ ಹುಡುಕುವುದು ಅವನ್ನೇ. ಭರ್ಜಿ ಹಿಡಿದ ಸವಾರರಲ್ಲಿ ಅದು ಮುರಿದುಹೋಗಿ, ಆ ಜಾಗದಲ್ಲಿ ತಂತಿ ಕೂತಿರುವುದುಂಟು. ಬೆಲೆ ಕೇಳುವ ಮೊದಲು ಭರ್ಜಿಯ ತುದಿ ನೋಡಿ.

ಮೇಲೆ ಹೊಸ ಬಣ್ಣ ಬಳಿದಿದ್ದಾರೆಯೇ ಎಂದು ನೋಡಲು 10 ಪಟ್ಟು ಹಿಗ್ಗಿಸುವ ಮಸೂರ, ಒಂದು ನೇರಳಾತೀತ ಟಾರ್ಚು ಸಾಕು. ಹಳೆಯ ಬಣ್ಣದ ನಡುವೆ ಹೊಸ ಬಣ್ಣ ಮತ್ತು ಅಂಟು ಆ ಬೆಳಕಿನಲ್ಲಿ ಬೇರೆಯಾಗಿಯೇ ಕಾಣುತ್ತವೆ. ಆಮೇಲೆ ಮಡಿಕೆಗಳಲ್ಲಿ, ಪೀಠದ ಅಡಿಯಲ್ಲಿ ಬೂದು-ಬಿಳಿ ಪುಡಿ ಕಂಡರೆ ಅದು ಸೀಸದ ಕೊಳೆತ. ಓಕ್ ಮರ, ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಎಂಡಿಎಫ್ ಹಲಗೆ, ಅಗ್ಗದ ರಟ್ಟು ಇವೆಲ್ಲ ಅಸಿಟಿಕ್ ಆಮ್ಲದ ಆವಿ ಬಿಡುತ್ತವೆ. ಮುಚ್ಚಿದ ಬೀರುವಿನಲ್ಲಿ ಆ ಆವಿಗೆ ತೇವ ಸೇರಿದರೆ ಸೀಸ ಕಾರ್ಬೊನೇಟ್ ಆಗಿ ಉದುರುತ್ತದೆ. ಇದು ಒಂದು ಬೊಂಬೆಯಿಂದ ಇನ್ನೊಂದಕ್ಕೆ ಅಂಟುವ ರೋಗವೆಂದು ನಂಬುವವರಿದ್ದಾರೆ, ಹಾಗಲ್ಲ. ಒಂದೇ ಬೀರುವಿನ ಗಾಳಿ ಎಲ್ಲಕ್ಕೂ ತಾಗುತ್ತದೆ, ಅಷ್ಟೆ. ಲೋಹದ ಅಥವಾ ಗಾಜಿನ ಕಪಾಟು, ಆಮ್ಲರಹಿತ ಕಾಗದ, ಸಿಲಿಕಾ ಜೆಲ್ ಪೊಟ್ಟಣ ಇದ್ದರೆ ಬಹುಮಟ್ಟಿಗೆ ತಪ್ಪಿಸಬಹುದು. ಆ ಪುಡಿ ವಿಷ. ಊದಬೇಡಿ, ಮೇಜಿನ ಮೇಲೆ ತಿಂಡಿ ಇಡಬೇಡಿ, ಕೈ ತೊಳೆಯದೆ ಚಹಾ ಲೋಟ ಮುಟ್ಟಬೇಡಿ.

ಇನ್ನು ಸಂಗ್ರಹಾಲಯ. ಡಾರ್ಸೆಟ್‌ನ ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಂನಲ್ಲಿ ಸುಮಾರು 300 ವಾಹನಗಳಿವೆ. ಲಂಡನ್ನಿನ ವಾಟರ್ಲೂ ನಿಲ್ದಾಣದಿಂದ ವೇಮತ್ ಕಡೆಯ ರೈಲು ಹಿಡಿದು ವುಲ್ ಎಂಬಲ್ಲಿ ಇಳಿಯಬೇಕು. ಟ್ಯಾಂಕಿನ ಮೊದಲ ಪ್ರಯೋಗ ಮಾದರಿಯಾದ 1915ರ ಲಿಟಲ್ ವಿಲ್ಲಿ ಅಲ್ಲಿದೆ. ಅದರ ಮುಂದೆ ಎಲ್ಲರೂ ಹೇಗೂ ನಿಲ್ಲುತ್ತಾರೆ. ಸಿಪಾಯಿ ಸಂಗ್ರಹಕಾರರು ಹುಡುಕಿಕೊಂಡು ಹೋಗಬೇಕಾದದ್ದು ಕಾರ್ಡೆನ್ ಲಾಯ್ಡ್ ಎಂಬ, ಇಬ್ಬರು ಕೂರುವ ಪುಟ್ಟ ಕವಚದ ಬಂಡಿ. 1930ರ ದಶಕದಲ್ಲಿ ಬ್ರಿಟನ್ ಕಂಪನಿ ಇದರ ಆಟಿಕೆಯನ್ನೂ ಮಾಡಿತ್ತು. ಆ ಆಟಿಕೆಯ ಪಕ್ಕ 54 ಮಿಲಿಮೀಟರಿನ ಸಿಪಾಯಿ ನಿಲ್ಲಿಸಿದರೆ ಬಂಡಿ ಅವನ ಎದೆಯ ಮಟ್ಟಕ್ಕೆ ಬರುತ್ತದೆ. ಕಂಪನಿ ಅಳತೆ ತಪ್ಪಿತು ಎಂದು ಹೊಸಬರು ನಗುತ್ತಾರೆ. ನಿಜವಾದ ಬಂಡಿಯ ಎತ್ತರ 1.22 ಮೀಟರ್, ಉದ್ದ 2.46 ಮೀಟರ್. 54 ಮಿಲಿಮೀಟರಿನ ಸಿಪಾಯಿ ನಿಜವಾದ ಮನುಷ್ಯನ ಸುಮಾರು 32ನೇ ಒಂದು ಭಾಗ, ಆದ್ದರಿಂದ ಬಂಡಿಯನ್ನೂ 32ರಿಂದ ಭಾಗಿಸಿ ನೋಡಿ: ಎತ್ತರ 38 ಮಿಲಿಮೀಟರ್, ಉದ್ದ 77. ನಗುವುದಕ್ಕೆ ಏನೂ ಇಲ್ಲ.

ನಿಜವಾದ ತೊಂದರೆ ಇರುವುದು 32ಕ್ಕೆ 1 ಮತ್ತು 35ಕ್ಕೆ 1 ಎಂಬ ಎರಡು ಅಳತೆಗಳ ನಡುವೆ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಟ್ಯಾಂಕ್ ಕಿಟ್‌ಗಳಲ್ಲಿ ಬಹುಪಾಲು 35ರವು. 54 ಮಿಲಿಮೀಟರ್ ಸಿಪಾಯಿ 32ರ ಲೆಕ್ಕದಲ್ಲಿ 1.73 ಮೀಟರಿನ ಸಾಮಾನ್ಯ ಮನುಷ್ಯ. 35ರ ಲೆಕ್ಕದಲ್ಲಿ ಅವನೇ 1.89 ಮೀಟರಿನ ಆಳು. ಕಾಲ ಕೆಳಗೆ 2 ಮಿಲಿಮೀಟರ್ ಪೀಠವನ್ನೂ ಸೇರಿಸಿಬಿಟ್ಟರೆ ಇಡೀ ಪಡೆಯೇ 1.96 ಮೀಟರಿನವರದ್ದು. ಎರಡನೇ ಮಹಾಯುದ್ಧದ ಜರ್ಮನ್ನರ ಟೈಗರ್ ಟ್ಯಾಂಕ್, ಸುಮಾರು 3 ಮೀಟರ್ ಎತ್ತರದ್ದು, 32ರಲ್ಲಿ 94 ಮಿಲಿಮೀಟರ್, 35ರಲ್ಲಿ 86. ಈ 8 ಮಿಲಿಮೀಟರಿನಲ್ಲೇ ಟ್ಯಾಂಕಿನ ಗಾಂಭೀರ್ಯ ಇಳಿದುಹೋಗುತ್ತದೆ. ಬೇರೆ ದಾರಿಯಿಲ್ಲದಿದ್ದರೆ ಸಿಪಾಯಿಗಳನ್ನು ಟ್ಯಾಂಕಿಗೆ ಒರಗಿಸದೆ, ಒಂದಿಷ್ಟು ಮುಂದೆ ನಿಲ್ಲಿಸಿ. ಹತ್ತಿರದ್ದು ದೊಡ್ಡದಾಗಿ ಕಾಣುವುದು ಸಹಜವೆಂದು ಕಣ್ಣು ಒಪ್ಪಿಕೊಳ್ಳುತ್ತದೆ.

ಬೋವಿಂಗ್ಟನ್ನಿನ ಟೈಗರ್ 131 ಸುಮಾರು 57 ಟನ್ನಿನದು, 1943ರ ಏಪ್ರಿಲ್‌ನಲ್ಲಿ ಟ್ಯುನೀಷಿಯಾದಲ್ಲಿ ಬ್ರಿಟಿಷರ ಕೈಗೆ ಸಿಕ್ಕಿದ್ದು. ಅದರ ಮೈ ನುಣುಪು. ಆಯಸ್ಕಾಂತದ ಸ್ಫೋಟಕ ಅಂಟದಂತೆ ಜರ್ಮನ್ನರು ಗೆರೆಗೆರೆಯಾಗಿ ಬಳಿಯುತ್ತಿದ್ದ ಜಿಮ್ಮರಿಟ್ ಲೇಪ ಬಂದದ್ದು ಆ ವರ್ಷದ ಉತ್ತರಾರ್ಧದಲ್ಲಿ. ಆದ್ದರಿಂದ ಆಫ್ರಿಕಾದ ಮರಳಿನ ಮೇಲೆ ಗೆರೆಲೇಪದ ಟೈಗರ್ ನಿಲ್ಲಿಸಿದರೆ ಇತಿಹಾಸ ತಪ್ಪಿದಂತೆ. ಚಕ್ರಗಳನ್ನು ಸುತ್ತುವ ಸರಪಳಿಯನ್ನೂ ಗಮನಿಸಿ. ಟೈಗರ್‌ಗೆ ಮೇಲ್ಗಡೆ ಬೇರೆ ಉರುಳೆಗಳಿಲ್ಲ. ಸರಪಳಿ ತನ್ನ ಭಾರಕ್ಕೆ ಜೋತು ದೊಡ್ಡ ಚಕ್ರಗಳ ಮೇಲೇ ಮಲಗುತ್ತದೆ. ಕಿಟ್‌ನ ರಬ್ಬರಿನಂಥ ಪಟ್ಟಿ ಬಿಗಿಯಾಗಿ ನೇರ ನಿಲ್ಲುತ್ತದೆ. ಅದನ್ನು ಚಕ್ರಗಳಿಗೆ ಒತ್ತಿ ಅಂಟಿಸಲೇಬೇಕು.

ಸಂಗ್ರಹಾಲಯದಲ್ಲಿ ಫೋಟೊ ತೆಗೆಯುವಾಗ ಮೊದಲು ವಾಹನದ ಹೆಸರಿನ ಫಲಕ, ಆಮೇಲೆ ವಾಹನ. ಇಲ್ಲವಾದರೆ ಸಂಜೆ ಯಾವ ಚಕ್ರ ಯಾವುದರದು ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಹತ್ತಿರ ನಿಂತು ಮೊಬೈಲಿನ ಅಗಲ ಮಸೂರದಲ್ಲಿ ತೆಗೆದರೆ ಮುಂದಿನ ಭಾಗ ಉಬ್ಬುತ್ತದೆ, ಅಂಥ ಚಿತ್ರದಿಂದ ಅಳತೆ ಸಿಗದು. ಹಿಂದೆ ಸರಿದು ಜೂಮ್ ಮಾಡಿ, ಕ್ಯಾಮೆರಾವನ್ನು ಟ್ಯಾಂಕಿನ ನಡು ಎತ್ತರಕ್ಕೆ ಹಿಡಿಯಿರಿ. ಜೊತೆಯವರೊಬ್ಬರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡರೆ ಅವರೇ ಅಳತೆಗೋಲು. ಟೇಪು ಹಿಡಿದು ವಾಹನದ ಮೈ ಮುಟ್ಟಲು ಹೋಗಬೇಡಿ.

ಡಾರ್ಸೆಟ್ ದೂರವಾಯಿತು ಎನ್ನುವವರಿಗೆ ಮಹಾರಾಷ್ಟ್ರದ ಅಹಮದ್‌ನಗರವಿದೆ, ಈಗಿನ ಅಹಿಲ್ಯಾನಗರ. ಅಲ್ಲಿನ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ 1994ರಲ್ಲಿ ಆರಂಭವಾಯಿತು. ಸೇನೆಯ ಆವರಣವಾದ್ದರಿಂದ ಗುರುತಿನ ಚೀಟಿ ಜೊತೆಗಿರಲಿ, ಕ್ಯಾಮೆರಾದ ನಿಯಮವನ್ನು ಬಾಗಿಲಲ್ಲೇ ಕೇಳಿಕೊಳ್ಳಿ. ಚರ್ಚಿಲ್, ಸೆಂಚುರಿಯನ್, ಪ್ಯಾಟನ್ ಟ್ಯಾಂಕುಗಳ ಜೊತೆ ನಮ್ಮ ವಿಜಯಂತವೂ ಅಲ್ಲಿದೆ. ವಿಜಯಂತದ ಕಿಟ್ ಸುಲಭಕ್ಕೆ ಸಿಗದು ಎಂದು ಸೆಂಚುರಿಯನ್ ಕಿಟ್ಟನ್ನೇ ಕೊಯ್ದು ಮಾಡಲು ಹೊರಡುವವರುಂಟು. ಎರಡಕ್ಕೂ ಪಕ್ಕಕ್ಕೆ ಆರಾರು ಚಕ್ರ ನಿಜ. ಸೆಂಚುರಿಯನ್‌ನವು ಜೋಡಿ ಜೋಡಿಯಾಗಿ ಹೊರಗಿನ ಸ್ಪ್ರಿಂಗಿಗೆ ಕಟ್ಟಿದವು. ವಿಜಯಂತದವು ಬಿಡಿ ಬಿಡಿಯಾಗಿ, ತಳದೊಳಗಿನ ತಿರುಚು ಸರಳುಗಳ ಮೇಲೆ ನಿಂತವು. ಕೆಳಭಾಗವನ್ನು ಹೊಸದಾಗಿಯೇ ಕಟ್ಟಿಕೊಳ್ಳಬೇಕು. ಕತ್ತರಿ ಹಾಕುವ ಮೊದಲು ಅಲ್ಲಿಗೆ ಹೋಗಿ, ಮಂಡಿಯೂರಿ ಎರಡರ ಚಕ್ರಗಳ ಸಂದನ್ನೂ ಇಣುಕಿ ನೋಡಿ ಬನ್ನಿ. ನಮಸ್ಕಾರ.